ಕೊಣನೂರಿಗೆ ಬಂದ ವ್ಯಾನು

ಕೊಣನೂರು
೨೦-೮-೧೯೫೮

ಪ್ರೀತಿಯ ಅಣ್ಣಯ್ಯನಿಗೆ ವಸಂತಳ ನಮಸ್ಕಾರ.

ನಿನ್ನ ‘ಆಸ್ಪತ್ರೆ ವಾರ್ತೆ’ ಮೊನ್ನೆ ಟಪಾಲಿನಲ್ಲಿ ಬಂತು. ಹೆರಿಗೆ ಕೇಂದ್ರದ ಜಗಲಿಯ ಮೇಲೆ ಕೂತು ಮೊದಲಿಂದ ಕೊನೆಯವರೆಗೂ ಓದಿದೆ. ಭಾಗೀರಥಮ್ಮ ಸ್ಮಾರಕ ಆಸ್ಪತ್ರೆಯ ಹಿರಿಯ ಗುಮಾಸ್ತನಾದ ನೀನು ಅದರ ಪತ್ರಿಕೆಯ ಸಂಪಾದಕನೂ ಆದ ಮೇಲೆ ನಿನ್ನ ಕನ್ನಡ ಭಾರಿಯಾಗಿಬಿಟ್ಟಿದೆ. ಹಾಸನದಲ್ಲಿ ನಿಮ್ಮ ನಲ್ಲಿಯಲ್ಲಿ ನೀರು ಬಂದರೂ ‘ಜಲಸೌಕರ್ಯವನ್ನು ಒದಗಿಸಲಾಯಿತು’ ಅನ್ನುತ್ತೀಯಲ್ಲ!

ಸಿಬ್ಬಂದಿ ಸಮಾಚಾರ ಓದಿ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ‘ನರ್ಸ್ ಜಿನಮ್ಮನವರ ವಿವಾಹವು ಚನ್ನರಾಯಪಟ್ಟಣದಲ್ಲಿ ವಿಜೃಂಭಣೆಯಿಂದ ಜರುಗಿತು’ ಅಂತ ಹಾಕಿದ್ದೀಯ. ಗಂಡಿನ ತಾತ ತೀರಿಕೊಂಡು ಆ ಮದುವೆ ಕಾರ್ತಿಕಕ್ಕೆ ಹೋಗಿದೆ ಮಾರಾಯ. ಜಿನಮ್ಮನೇ ನನಗೆ ಬರೆದಿದ್ದಾಳೆ, ‘ನಿಮ್ಮಣ್ಣ ತಾಳಿ ಕಟ್ಟಿಸಿಬಿಟ್ಟರು, ಗಂಡನೇ ಸಿಕ್ಕಿಲ್ಲ’ ಅಂತ. ಮುಂದಿನ ಸಂಚಿಕೆಯಲ್ಲಿ ಅವಳಿಗೆ ಅವಳಿಜವಳಿ ಹುಟ್ಟಿಸಬೇಡ.

ಇಲ್ಲಿ ಕೆಲಸ ಏರುತ್ತಿದೆ. ಮೊದಲು ಬಾಗಿಲಲ್ಲೇ ನಿಲ್ಲಿಸುತ್ತಿದ್ದವರು ಈಗ ಒಳಗೆ ಕರೆದು ಮಣೆ ಹಾಕುತ್ತಾರೆ. ಎರಡು ವರ್ಷ ಬೇಕಾಯಿತು ಇಷ್ಟಕ್ಕೆ. ಕಷ್ಟದ ಹೆರಿಗೆ ಬಂದರೆ ಮಾತ್ರ ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ. ಡಾಕ್ಟರಮ್ಮ ಇರುವುದು ನಮ್ಮ ಅರಕಲಗೂಡಿನ ಶಾಖೆಯಲ್ಲಿ. ದಿನಕ್ಕೊಂದೇ ಬಸ್ಸು, ಅದು ನಸುಕಿಗೇ ಹೋಗಿಬಿಡುತ್ತದೆ; ಆಮೇಲೆ ಒಂಬತ್ತು ಮೈಲಿ ಎತ್ತಿನ ಗಾಡಿಯಲ್ಲೇ ಹೋಗಬೇಕು. ಪದ್ಮರಾಜಯ್ಯನವರು ದಾನ ಕೊಡುತ್ತೇನೆಂದ ವ್ಯಾನು ಯಾವಾಗ ಬರುತ್ತದೆ?

ನಿನ್ನ ತಂಗಿ,
ವಸಂತ

*

ಹಾಸನ
೩-೧೧-೧೯೫೮

ಚಿ. ವಸಂತಳಿಗೆ ಶಾಂತಿರಾಜನ ಆಶೀರ್ವಾದ. ಜಯ ಜಿನೇಂದ್ರ.

ಜಿನಮ್ಮನ ವಿಷಯ ಸಾಕು, ಆಫೀಸಿನಲ್ಲಿ ಎಲ್ಲರೂ ಅದನ್ನೇ ಹಿಡಿದುಕೊಂಡು ಆಡುತ್ತಿದ್ದಾರೆ. ದೀಪಾವಳಿ ಸಂಚಿಕೆ ಇಟ್ಟಿದ್ದೇನೆ, ಓದಿ ಬಾಯಿ ಮುಚ್ಚಿಕೋ. ಹೊಳೆನರಸೀಪುರದಲ್ಲಿ ವಾರಕ್ಕೊಮ್ಮೆ ಬಸುರಿಯರ ತಪಾಸಣೆ ಶುರು. ಚನ್ನರಾಯಪಟ್ಟಣದಲ್ಲಿ ಸೂಲಗಿತ್ತಿಯರಿಗೆ ತರಬೇತಿ. ಅದಕ್ಕೆ ನುಗ್ಗೇಹಳ್ಳಿಯಿಂದ ಮುದುಕಿಯೊಬ್ಬಳು ಬಂದು ನಮ್ಮ ಡಾಕ್ಟರಿಗೇ ಪಾಠ ಹೇಳಿ ಹೋದಳಂತೆ.

ಮೂರನೇ ಪುಟ ನಿನಗಾಗಿಯೇ. ಅದನ್ನು ಕೇಂದ್ರದ ಗೋಡೆಗೆ ಅಂಟಿಸು, ಸಂತೆಯ ದಿನ ನಾಲ್ಕು ಜನರಿಗೆ ಗಟ್ಟಿಯಾಗಿ ಓದಿ ಹೇಳು: ‘ಅರಕಲಗೂಡು ಶಾಖೆಯಲ್ಲಿ ರೋಗಿಗಳ ವಾಹನ ಸೇವೆಯು ನವೆಂಬರ್ ಒಂದರಿಂದ ಪ್ರಾರಂಭವಾಗಿದೆ. ಕೊಣನೂರು ಸುತ್ತಿನ ಬಸುರಿಯರನ್ನು ಇನ್ನು ಮುಂದೆ ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು ತರಬಾರದು. ಶಾಖೆಗೆ ಹೇಳಿಕಳುಹಿಸಿದ ಕೂಡಲೇ ವಾಹನವು ಮನೆ ಬಾಗಿಲಿಗೆ ಬರುತ್ತದೆ.’

ಹೇಗಿದೆ? ಮೊನ್ನೆ ಒಂದನೇ ತಾರೀಖು ಆಸ್ಪತ್ರೆಯ ಮುಂದೆ ವ್ಯಾನಿಗೆ ಹಾರ ಹಾಕಿ, ನಿಂಬೆಹಣ್ಣು ತುಳಿಸಿ, ಫೋಟೋ ತೆಗೆಸಿದ್ದಾಯಿತು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸು, ಕೆಲಸದ ನೆಪದಲ್ಲಿ ಉಪವಾಸ ಬೀಳಬೇಡ.

ಶಾಂತಿರಾಜ

*

ಕೊಣನೂರು
೨೧-೧೧-೧೯೫೮

ಅಣ್ಣಯ್ಯ,

ವ್ಯಾನು ಬರಲಿಲ್ಲ.

ಕೆಂಪಣ್ಣ ಅನ್ನುವವರ ಹೆಂಡತಿ ಬೆಟ್ಟಮ್ಮ. ಇಪ್ಪತ್ತೆರಡು ವರ್ಷ. ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿತ್ತು, ನನ್ನಿಂದ ತಿರುಗಿಸಲಾಗಲಿಲ್ಲ. ನಿನ್ನೆ ಬೆಳಿಗ್ಗೆ ಅವಳ ಮೈದುನ ಪುಟ್ಟರಾಜು ಸೈಕಲ್ ತುಳಿದುಕೊಂಡು ಅರಕಲಗೂಡಿಗೆ ಹೋದ. ಅಲ್ಲಿ ಕಾಂಪೌಂಡರ್ ಈಶ್ವರಯ್ಯನವರು ‘ಯಾವ ವ್ಯಾನಪ್ಪಾ?’ ಅಂದರಂತೆ. ಹಾಗೆಯೇ ತಿರುಗಿ ಬಂದ. ಬರುವಾಗ ದಾರಿಯಲ್ಲಿ ಚಕ್ರದ ಗಾಳಿ ಹೋಗಿ ನೂಕಿಕೊಂಡು ಬಂದ. ಮಧ್ಯಾಹ್ನ ಒಂದಾಗಿತ್ತು. ಆಮೇಲೆ ಗಾಡಿಯಲ್ಲಿ ಹೊರಟೆವು. ಅರಕಲಗೂಡು ಇನ್ನೂ ಎರಡು ಮೈಲಿ ಇರುವಾಗ ಬೆಟ್ಟಮ್ಮ ಹೋದಳು, ಮಗುವೂ ಹೋಯಿತು.

ವ್ಯಾನು ಎಲ್ಲಿದೆ? ಒಂದೇ ಸಾಲಿನಲ್ಲಿ ಬರೆ.

ವಸಂತ

*

ಹಾಸನ
೩೦-೧೧-೧೯೫೮

ಚಿ. ವಸಂತಳಿಗೆ ಆಶೀರ್ವಾದ.

ಕಾಗದ ಓದಿ ಬಹಳ ನೋವಾಯಿತು. ಹುಟ್ಟು ಸಾವು ನಮ್ಮ ಕೈಯಲ್ಲಿಲ್ಲ, ಅವರವರ ಕರ್ಮ. ನೀನು ಕೈಲಾದದ್ದು ಮಾಡಿದ್ದೀಯ.

ವಾಹನದ ವಿಷಯ ಆಡಳಿತಕ್ಕೆ ಸೇರಿದ್ದು. ಡ್ರೈವರ್ ನೇಮಕದಲ್ಲಿ ಸ್ವಲ್ಪ ವಿಳಂಬವಾಗಿದೆ, ಸದ್ಯದಲ್ಲೇ ಸರಿಹೋಗುತ್ತದೆ. ನೀನು ದುಡುಕಿ ಆಸ್ಪತ್ರೆಯ ಕಾರ್ಯದರ್ಶಿಗಳಿಗೆ ನೇರವಾಗಿ ಬರೆಯಬೇಡ. ಅವರು ಈಗ ಹೆರಿಗೆ ವಾರ್ಡಿನ ಹೊಸ ಕಟ್ಟಡದ ಓಡಾಟದಲ್ಲಿದ್ದಾರೆ. ಸಮಯ ನೋಡಿ ನಾನೇ ಮಾತಾಡುತ್ತೇನೆ.

ನಾಲ್ಕು ದಿನ ರಜಾ ಹಾಕಿ ಬಂದು ಹೋಗು. ನಿಮ್ಮ ಅತ್ತಿಗೆ ಕೇಳುತ್ತಿದ್ದಾಳೆ.

ಶಾಂತಿರಾಜ

*

ಹಾಸನ
೨೮-೧೨-೧೯೫೮

ಚಿ. ವಸಂತಳಿಗೆ ಆಶೀರ್ವಾದ.

ತಿಂಗಳಾಯಿತು, ಉತ್ತರವಿಲ್ಲ. ಎರಡು ಕಾರ್ಡು ಹಾಕಿದೆ, ಅದಕ್ಕೂ ಇಲ್ಲ. ಕೊಣನೂರಿನಿಂದ ಬಂದ ಬಸ್ಸಿನವರನ್ನು ವಿಚಾರಿಸಿದೆ. ‘ನರ್ಸಮ್ಮ ಚೆನ್ನಾಗವ್ರೆ ಸಾ, ಆದ್ರೆ ಯಾರತ್ರಾನೂ ಮಾತಿಲ್ಲ’ ಅಂದರು.

ನಿನಗೆ ಆಯಾಸವಾಗಿದೆ, ನನಗೆ ಅರ್ಥವಾಗುತ್ತದೆ. ಒಬ್ಬಂಟಿ ಹೆಣ್ಣು, ಹಳ್ಳಿಯ ಕೆಲಸ, ಅದರ ಮೇಲೆ ಇಂಥದ್ದೊಂದು ನಡೆದರೆ ಯಾರಿಗಾದರೂ ಮನಸ್ಸು ಕೆಡುತ್ತದೆ. ಅದಕ್ಕೇ ಒಂದು ಒಳ್ಳೆಯ ಏರ್ಪಾಡು ಮಾಡಿದ್ದೇನೆ. ಈಗ ಹೇಳುವುದಿಲ್ಲ. ಸಂಕ್ರಾಂತಿ ಸಂಚಿಕೆಯ ಸಿಬ್ಬಂದಿ ಸಮಾಚಾರ ನೋಡು, ಸಂತೋಷಪಡುತ್ತೀಯ.

ಶಾಂತಿರಾಜ

*

ಕೊಣನೂರು
೨೦-೧-೧೯೫೯

‘ಆಸ್ಪತ್ರೆ ವಾರ್ತೆ’ಯ ಸಂಪಾದಕರಾದ ಶ್ರೀಮಾನ್ ಶಾಂತಿರಾಜ ಅವರಿಗೆ,

ತಮ್ಮ ಸಂಚಿಕೆ ತಲುಪಿತು. ‘ಕೊಣನೂರು ಕೇಂದ್ರದ ಮಿಡ್‌ವೈಫ್ ವಸಂತಮ್ಮನವರು ಸ್ವಂತ ಕೋರಿಕೆಯ ಮೇರೆಗೆ ಹಾಸನಕ್ಕೆ ವರ್ಗವಾಗಿದ್ದಾರೆ. ಅವರಿಗೆ ಊರಿನವರು ಪ್ರೀತಿಯ ಬೀಳ್ಕೊಡುಗೆ ನೀಡಿದರು.’

ನಾನು ಯಾವಾಗ ಕೋರಿದೆ? ಯಾರು ಬೀಳ್ಕೊಟ್ಟರು? ಜಿನಮ್ಮನಿಗೆ ಗಂಡನಿಲ್ಲದೆ ಮದುವೆ ಮಾಡಿಸಿದಿರಿ, ನಾನು ನಕ್ಕೆ. ನಗಬಾರದಿತ್ತು. ಅವತ್ತೇ ಆ ಕಾಗದವನ್ನು ಹರಿದು ಒಲೆಗೆ ಹಾಕಿದ್ದರೆ ಬೆಟ್ಟಮ್ಮ ಬದುಕಿರುತ್ತಿದ್ದಳು.

ತಾವು ನನಗೆ ಆಯಾಸವಾಗಿದೆ ಅಂದಿರಿ. ನನಗೆ ಆಗಿರುವುದು ಆಯಾಸ ಅಲ್ಲ. ಇಷ್ಟು ದಿನ ಯಾರಿಗೂ ಹೇಳದ್ದನ್ನು ಈಗ ಬರೆಯುತ್ತೇನೆ, ಓದಿಕೊಳ್ಳಿ.

ಅವತ್ತು ಬೆಳಿಗ್ಗೆ ಎಂಟು ಗಂಟೆಗೇ ಕೆಂಪಣ್ಣ ಗಾಡಿ ಕಟ್ಟಿದ್ದ. ಹುಲ್ಲು ಹಾಸಿ, ಅದರ ಮೇಲೆ ಕಂಬಳಿ ಹಾಸಿ, ಎತ್ತಿನ ಹಗ್ಗ ಕೈಯಲ್ಲಿ ಹಿಡಿದು ನಿಂತಿದ್ದ. ‘ಗಾಡಿ ಕಟ್ಬುಟ್ಟಿವ್ನಿ ಕಣವ್ವ, ಒಂಟೋಗವಾ’ ಅಂದ. ನಾನು ಬೇಡ ಅಂದೆ. ‘ಗಾಡೀಲಿ ಕುಲುಕಬಾರದು ಕೆಂಪಣ್ಣ, ವ್ಯಾನು ಬರುತ್ತೆ, ಪೇಪರಿನಲ್ಲೇ ಹಾಕಿದ್ದಾರೆ’ ಅಂದೆ. ಅವನು ಎತ್ತಿನ ಹಗ್ಗ ಬಿಡಲಿಲ್ಲ. ನಾನು ಕೇಂದ್ರಕ್ಕೆ ಓಡಿಹೋಗಿ ಗೋಡೆಯ ಮೇಲಿದ್ದ ನಿಮ್ಮ ಮೂರನೇ ಪುಟ ಕಿತ್ತು ತಂದು ಅವನ ಮುಂದೆ ಹಿಡಿದು ಓದಿದೆ. ‘ನಮ್ಮಣ್ಣನೇ ಬರೆದಿರೋದು’ ಅಂತಲೂ ಹೇಳಿದೆ. ಆಮೇಲೆ ಅವನು ಎತ್ತು ಬಿಚ್ಚಿದ.

ಬಿಚ್ಚಿಸಿದವಳು ನಾನು. ಐದು ಗಂಟೆ ಹೊತ್ತು ಆ ಎತ್ತುಗಳು ಅಂಗಳದಲ್ಲಿ ಹುಲ್ಲು ಮೇಯುತ್ತಾ ನಿಂತಿದ್ದವು. ಒಳಗೆ ಬೆಟ್ಟಮ್ಮ ಪ್ರತಿ ಸಲ ನೋವು ಬಂದಾಗಲೂ ‘ಮೋಟ್ರು ಬಂತಾ ಅಕ್ಕಾ?’ ಅಂತ ಕೇಳುತ್ತಿದ್ದಳು. ನಾನು ಪ್ರತಿ ಸಲವೂ ‘ಬರ್ತಾ ಇದೆ’ ಅನ್ನುತ್ತಿದ್ದೆ.

ಇದು ಕರ್ಮವಂತೆ! ಯಾರ ಕರ್ಮ, ಯಾವ ಕರ್ಮ, ನಾಚಿಕೆಯಾಗಬೇಕು ಬರೆಯುವುದಕ್ಕೆ.

ಈಗ ಮುಂದಿನದು ಕೇಳಿ. ಅದೇ ಮನೆಯಲ್ಲಿ ಕೆಂಪಣ್ಣನ ತಂಗಿ ಪುಟ್ಟತಾಯಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಏಳು ತಿಂಗಳು. ಕೆರೆಯ ಹತ್ತಿರ ದೂರದಿಂದ ನೋಡಿದೆ. ಕಾಲು, ಮುಖ ಊದಿಕೊಂಡಿವೆ. ತಲೆ ಸಿಡಿಯುತ್ತದೆ ಅನ್ನುತ್ತಾಳಂತೆ. ಅವಳನ್ನು ನಾನು ನೋಡಲೇಬೇಕು, ಬೇಗ ಡಾಕ್ಟರಮ್ಮನ ಹತ್ತಿರ ಸೇರಿಸಲೇಬೇಕು. ಇಲ್ಲದಿದ್ದರೆ ಇವಳೂ ಉಳಿಯುವುದಿಲ್ಲ. ನಾಲ್ಕು ಸಲ ಹೋದೆ. ಅವಳ ತಾಯಿ ದೊಡ್ಡತಾಯಮ್ಮ ಹೊಸಿಲ ಮೇಲೆ ಅಡ್ಡ ಕೂತುಬಿಟ್ಟಳು. ‘ನಿನ್ ಮಾತ್ ಕೇಳಿ ಒಂದ್ ಎಣ ಎತ್ತಿದ್ದಾಯ್ತು. ಇನ್ನೊಂದ್ ಎತ್ತಾಕಿಲ್ಲ, ಓಗವ್ವ’ ಅಂದಳು.

ವ್ಯಾನು ಇತ್ತು, ದೊಡ್ಡವರಿಗೆ ಮಾತ್ರ ಬರುತ್ತದೆ, ನಾನೇ ಸರಿಯಾಗಿ ಕರೆಸಲಿಲ್ಲ ಅಂತ ಅವರ ಲೆಕ್ಕ. ಕೆಂಪಣ್ಣ ಜಗಲಿಯಿಂದಲೇ ಹೇಳಿದ: ‘ಯಾನು ಬಂದಿರ್ನಿಲ್ಲ ಅಂತ ಆ ಪೇಪರ್ನಾಗೇ ಬರೀಲಿ. ಬಾಯ್ ಮಾತು ಬ್ಯಾಡ. ಬಾಯ್ ಮಾತ್ ಕೇಳೇ ಎತ್ ಬಿಚ್ಚಿದ್ದು.’

ಆದ್ದರಿಂದ ಬರೆಯಿರಿ. ವಾಹನ ಬಂದಿರಲಿಲ್ಲ, ಸುದ್ದಿ ಸುಳ್ಳಾಗಿತ್ತು, ಬೆಟ್ಟಮ್ಮ ಸತ್ತಳು. ಇಷ್ಟೇ. ಹೆರಿಗೆ ಮಾರ್ಚ್ ಕೊನೆಗೆ. ಅದರೊಳಗೆ ನನಗೆ ಆ ಬಾಗಿಲು ತೆರೆಯಬೇಕು.

ವರ್ಗಕ್ಕೆ ನಾನು ಬರುವುದಿಲ್ಲ. ಬಂದು ಎತ್ತಿಕೊಂಡು ಹೋಗಿ ಬೇಕಾದರೆ.

ವಸಂತಮ್ಮ, ಮಿಡ್‌ವೈಫ್

*

ಹಾಸನ
೨-೨-೧೯೫೯

ವಸಂತಾ,

ನೀನು ಎತ್ತು ಬಿಚ್ಚಿಸಿದ್ದು ನನಗೆ ಗೊತ್ತಿರಲಿಲ್ಲ. ಕಾಗದ ಓದಿದ ಮೇಲೆ ಆಫೀಸಿಗೆ ಎರಡು ದಿನ ಹೋಗಲಿಲ್ಲ. ನಿನ್ನ ವರ್ಗದ ಆರ್ಡರ್ ಇನ್ನೂ ಹೊರಟಿರಲಿಲ್ಲ, ತಡೆದಿದ್ದೇನೆ.

ನನ್ನದೂ ಒಂದು ಮಾತು ಕೇಳು. ಪ್ರೆಸ್ಸಿನವರು ಮೊಳೆ ಜೋಡಿಸಿ ಅಚ್ಚು ಹಾಕಿ ಕೊಡುವುದಕ್ಕೆ ತಿಂಗಳು ಹಿಡಿಯುತ್ತಾರೆ. ಆಗಿದ್ದನ್ನು ಬರೆದರೆ ಓದುವವರ ಕೈಗೆ ಹಳಸಿದ ಸುದ್ದಿ ಹೋಗುತ್ತದೆ. ಅದಕ್ಕೇ ನಾನು ಮೊದಲಿಂದಲೂ ಮುಂದೆ ಆಗುವುದನ್ನು ಆಯಿತು ಅಂತಲೇ ಬರೆದಿಡುತ್ತೇನೆ. ನೂರಕ್ಕೆ ತೊಂಬತ್ತು ಸಲ ಆಗಿಯೇ ಇರುತ್ತದೆ. ಇದನ್ನು ಕಾರ್ಯದರ್ಶಿಗಳೂ ಮೆಚ್ಚಿದ್ದರು. ನವೆಂಬರ್ ಒಂದಕ್ಕೆ ವ್ಯಾನು ಹೊರಡುತ್ತದೆ ಅಂದರು, ನಾನು ಅಕ್ಟೋಬರಿನಲ್ಲೇ ಹೊರಡಿಸಿದೆ. ಬೇಕೆಂದು ಹೇಳಿದ ಸುಳ್ಳಲ್ಲ.

ನೀನು ಕೇಳಿದ್ದನ್ನು ಕಾರ್ಯದರ್ಶಿಗಳ ಮುಂದಿಟ್ಟೆ. ‘ದಾನ ಕೊಟ್ಟವರ ಹೆಸರಿಗೆ ಮಸಿ ಬಳಿಯುತ್ತೀರೇನ್ರೀ? ನಿಮಗೆ ಸಂಬಳ ಯಾರು ಕೊಡೋದು ಮರೆತು ಹೋಯ್ತಾ?’ ಅಂತ ಗದರಿದರು. ನನಗೆ ಮೂರು ಮಕ್ಕಳು, ವಸಂತಾ. ಬೇರೆ ದಾರಿ ಯೋಚಿಸೋಣ. ನಾನೇ ಬಂದು ಕೆಂಪಣ್ಣನ ಹತ್ತಿರ ಮಾತಾಡಲೇ?

ನಿನ್ನ ಅಣ್ಣ

*

ಕೊಣನೂರು
೯-೨-೧೯೫೯

ಅಣ್ಣಯ್ಯ,

ಬರಬೇಡ. ನೀನು ಬಂದು ಮಾತಾಡಿದರೆ ಅದೂ ಬಾಯಿ ಮಾತೇ.

ಪ್ರೆಸ್ಸು, ಮೊಳೆ, ತಿಂಗಳು, ಎಲ್ಲ ತಿಳಿಯಿತು. ತೊಂಬತ್ತು ಸರಿಹೋದವಂತೆ. ಉಳಿದ ಹತ್ತರಲ್ಲಿ ಯಾರು ಯಾರು ಇದ್ದಾರೆ ಅಂತ ಯಾವತ್ತಾದರೂ ತಿರುಗಿ ನೋಡಿದ್ದೀಯಾ?

ನಾನು ಕೇಳಿದ ಮಾತಿಗೆ ಮಾತ್ರ ನೀನು ಉತ್ತರ ಕೊಟ್ಟಿಲ್ಲ. ನವೆಂಬರಿನಲ್ಲಿ ಕೇಳಿದ್ದೆ, ವ್ಯಾನು ಎಲ್ಲಿದೆ ಅಂತ. ಈಗ ಇನ್ನೊಂದು ಸೇರಿಸುತ್ತೇನೆ. ಅದು ಅರಕಲಗೂಡಿಗೆ ಹೋಗಿಲ್ಲ ಅಂತ ನಿನಗೆ ಗೊತ್ತಾದದ್ದು ಯಾವತ್ತು?

ತಾರೀಖು ಬರೆ. ನಿನಗೆ ಮಕ್ಕಳು ಮೂರು ಅಂತ ನನಗೆ ಗೊತ್ತು, ಮೂರನ್ನೂ ಹಿಡಿದವಳು ನಾನೇ. ಪುಟ್ಟತಾಯಮ್ಮನಿಗೆ ಇದು ಮೊದಲನೆಯದು.

ವಸಂತ

*

ಹಾಸನ
೧೮-೩-೧೯೫೯

ವಸಂತಾ,

ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಬೈದುಕೊಂಡಿರುತ್ತೀಯ. ಬೈದುಕೋ.

ನವೆಂಬರ್ ಎಂಟು. ಅವತ್ತು ಗೊತ್ತಾಯಿತು.

ಒಂದನೇ ತಾರೀಖು ಹಾರ ಹಾಕಿದ ವ್ಯಾನು ಎಲ್ಲಿಗೂ ಹೋಗಲಿಲ್ಲ. ಪದ್ಮರಾಜಯ್ಯನವರ ಮನೆಗೆ ಬಂದಿದ್ದ ನೆಂಟರನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಬೇಕಿತ್ತು, ಒಂದು ವಾರದ ಮಟ್ಟಿಗೆ ಇಲ್ಲೇ ಇರಲಿ ಅಂದರು. ಆಮೇಲೆ ಇನ್ನೊಬ್ಬರ ನೆಂಟರು. ಎಂಟನೇ ತಾರೀಖು ಸ್ವಾಮಿ ದರ್ಶನ ಮುಗಿಸಿಕೊಂಡು ಬಂದವರು ನಮ್ಮ ಆಫೀಸಿನ ಮುಂದೆಯೇ ಇಳಿದರು. ಸ್ಟ್ರೆಚರ್ ಇಡುವ ಜಾಗದಲ್ಲಿ ಬುತ್ತಿಯ ಗಂಟು ಇಟ್ಟಿದ್ದರು. ನಾನೇ ಕೈಕೊಟ್ಟು ಇಳಿಸಿದೆ.

ಬೆಟ್ಟಮ್ಮ ಸತ್ತದ್ದು ಇಪ್ಪತ್ತಕ್ಕೆ. ನಡುವೆ ಹನ್ನೆರಡು ದಿನ ಇತ್ತು. ‘ವ್ಯಾನು ಬಂದಿಲ್ಲ, ನಂಬಬೇಡ’ ಅಂತ ಒಂದು ಕಾರ್ಡು ಹಾಕಿದ್ದರೆ ಎರಡೇ ದಿನದಲ್ಲಿ ನಿನ್ನ ಕೈ ಸೇರುತ್ತಿತ್ತು. ಕಾರ್ಡು ಮೇಜಿನ ಮೇಲೇ ಇತ್ತು. ಜಿನಮ್ಮನ ಮದುವೆಗೆ ನೀನು ನಕ್ಕಿದ್ದೆಯಲ್ಲ, ಮತ್ತೆ ನಗುತ್ತೀಯ ಅಂತ ಹಾಕಲಿಲ್ಲ. ಇವತ್ತೋ ನಾಳೆಯೋ ವ್ಯಾನು ಹೋಗಿಬಿಟ್ಟರೆ ಯಾರಿಗೂ ಹೇಳುವ ಅಗತ್ಯವೇ ಬೀಳುವುದಿಲ್ಲ ಅಂದುಕೊಂಡೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಹುಡುಕಿದೆ, ಸಿಗಲಿಲ್ಲ.

ಯುಗಾದಿ ಸಂಚಿಕೆ ಇಟ್ಟಿದ್ದೇನೆ. ಕಾರ್ಯದರ್ಶಿಗಳು ನೋಡುವುದು ಕೈಬರಹದ ಪ್ರತಿಯನ್ನು ಮಾತ್ರ. ಪ್ರೆಸ್ಸಿನಲ್ಲಿ ಕೂತು ಕರಡು ತಿದ್ದುವವನು ನಾನೊಬ್ಬನೇ. ಹೊಸ ವಾರ್ಡಿನ ಉದ್ಘಾಟನೆಯ ಸುದ್ದಿ ತೆಗೆಸಿ ಮೊದಲ ಪುಟದಲ್ಲಿ ಇದನ್ನು ಹಾಕಿಸಿದೆ. ನಮ್ಮ ಭಾರಿ ಕನ್ನಡ ಇಲ್ಲ, ನೋಡು:

‘ಅರಕಲಗೂಡಿಗೆ ವ್ಯಾನು ಬಂದಿದೆ ಎಂದು ಹಿಂದೆ ನಾವು ಅಚ್ಚು ಹಾಕಿದ್ದು ಸುಳ್ಳು. ವ್ಯಾನು ಹಾಸನದಲ್ಲೇ ಇತ್ತು. ಆ ಸುದ್ದಿ ನಂಬಿ ಕಟ್ಟಿದ ಗಾಡಿ ಬಿಚ್ಚಿ ಕಾದದ್ದರಿಂದ ಕೊಣನೂರಿನ ಕೆಂಪಣ್ಣನವರ ಹೆಂಡತಿ ಬೆಟ್ಟಮ್ಮ ಮತ್ತು ಮಗು ೨೦-೧೧-೧೯೫೮ರಂದು ತೀರಿಕೊಂಡರು. ಮಿಡ್‌ವೈಫಿನ ತಪ್ಪಿಲ್ಲ. ತಪ್ಪು ಬರೆದವನದು. ವ್ಯಾನು ಇವತ್ತಿಗೂ ಹೋಗಿಲ್ಲ. ಯಾರೂ ಕಾಯಬೇಡಿ.’

ಕೊನೆಯ ಪುಟದಲ್ಲಿ ಸಿಬ್ಬಂದಿ ಸಮಾಚಾರವಿದೆ. ಒಂದೇ ಸಾಲು: ‘ಹಿರಿಯ ಗುಮಾಸ್ತ ಹಾಗೂ ಈ ಪತ್ರಿಕೆಯ ಸಂಪಾದಕ ಶಾಂತಿರಾಜ ಅವರನ್ನು ಕೆಲಸದಿಂದ ತೆಗೆಯಲಾಗಿದೆ.’ ಇನ್ನೂ ತೆಗೆದಿಲ್ಲ. ನಾಳೆ ಬೆಳಿಗ್ಗೆ ಹಂಚಿದ ಮೇಲೆ ತೆಗೆಯುತ್ತಾರೆ. ಅಭ್ಯಾಸ ನೋಡು, ಮೊದಲೇ ಬರೆದಿಟ್ಟೆ.

ಅಣ್ಣಯ್ಯ

*

ಕೊಣನೂರು
೧೨-೪-೧೯೫೯

ಅಣ್ಣಯ್ಯ,

ಪತ್ರಿಕೆ ಮಾರ್ಚ್ ಇಪ್ಪತ್ತಕ್ಕೆ ಬಂತು. ನಾನು ಓದಲಿಲ್ಲ, ನೇರ ತೆಗೆದುಕೊಂಡು ಹೋಗಿ ಕೆಂಪಣ್ಣನ ಕೈಗೆ ಕೊಟ್ಟೆ. ಅವನಿಗೆ ಓದು ಅಷ್ಟಕ್ಕಷ್ಟೇ. ಜಗಲಿಯ ಮೇಲೆ ಕೂತು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. ಹೆಂಡತಿಯ ಹೆಸರು ಬಂದಲ್ಲಿ ನಿಂತ. ಆಮೇಲೆ ಮತ್ತೆ ಮೊದಲಿಂದ ಓದಿದ. ದೊಡ್ಡತಾಯಮ್ಮ ಹೊಸಿಲ ಮೇಲೆ ಕೂತು ಕೇಳಿದಳು. ‘ಅಂಗಾರೆ ನೀನ್ ಸುಳ್ಳೇಳ್ನಿಲ್ವಾ?’ ಅಂದಳು. ‘ನಾನೂ ನಂಬಿದ್ದೆ ಕಣವ್ವ’ ಅಂದೆ. ಅವಳು ಎದ್ದು ಪಕ್ಕಕ್ಕೆ ಸರಿದಳು. ಒಳಗೆ ಹೋದೆ.

ಪುಟ್ಟತಾಯಮ್ಮನ ಕಾಲು ಒತ್ತಿದರೆ ಬೆರಳು ಇಳಿಯುವಷ್ಟು ಊದಿತ್ತು. ಕಣ್ಣು ಮಂಜಾಗುತ್ತದೆ ಅಂದಳು. ಅವತ್ತೇ ಗಾಡಿ ಕಟ್ಟಿಸಿದೆ. ಯಾವ ವ್ಯಾನಿಗೂ ಕಾಯಲಿಲ್ಲ. ಡಾಕ್ಟರಮ್ಮ ಎರಡು ವಾರ ಮಲಗಿಸಿಕೊಂಡು ಉಪ್ಪಿಲ್ಲದ ಊಟ ಹಾಕಿ ಔಷಧಿ ಕೊಟ್ಟರು. ಹೋದ ವಾರ ಹೆರಿಗೆಯಾಯಿತು. ಹೆಣ್ಣು ಮಗು. ಇಬ್ಬರೂ ಬದುಕಿದ್ದಾರೆ. ಇದು ಮೊದಲೇ ಬರೆದದ್ದಲ್ಲ, ಕಣ್ಣಲ್ಲಿ ನೋಡಿ ಬರೆದದ್ದು.

ನಿನ್ನ ವ್ಯಾನೂ ಮೊನ್ನೆ ಬಂತು. ನಿನ್ನ ಪತ್ರಿಕೆ ಊರೂರಿಗೆ ಹೋದ ಮೇಲೆ ಅದನ್ನು ಹಾಸನದಲ್ಲಿ ಇಟ್ಟುಕೊಳ್ಳುವುದಕ್ಕೆ ಅವರಿಗೆ ಮುಖ ಇರಲಿಲ್ಲ ಅಂತ ಕಾಣುತ್ತದೆ. ತಾಯಿ ಮಗುವನ್ನು ಮನೆ ಬಾಗಿಲಲ್ಲಿ ಇಳಿಸಿತು. ಊರೆಲ್ಲ ಸುತ್ತ ನಿಂತು ನೋಡಿದರು. ದೊಡ್ಡತಾಯಮ್ಮ ಮೊಮ್ಮಗುವನ್ನು ಎತ್ತಿಕೊಳ್ಳುವ ಮುಂಚೆ ವ್ಯಾನಿನ ಹಿಂದಿನ ಬಾಗಿಲಿಗೆ ಹೋಗಿ ಒಳಗೆ ಬಗ್ಗಿ ನೋಡಿದಳು.

‘ಇದೇಯಾ ಅದು?’

‘ಹೂಂ, ಇದೇ.’

‘ಬೆಟ್ಟಿ ಕಾಲ್ ಚಾಚ್ಕಂಡ್ ಮನಿಕಬೋದಾಗಿತ್ತು’ ಅಂದಳು.

ನೀನು ಇದ್ದಿದ್ದರೆ ಏನು ಹೇಳುತ್ತಿದ್ದೆ?

ನಿನ್ನನ್ನು ತೆಗೆದರು ಅಂತ ಜಿನಮ್ಮ ಬರೆದಿದ್ದಾಳೆ. ಅತ್ತಿಗೆಗೆ, ಮಕ್ಕಳಿಗೆ ತೊಂದರೆಯಾದರೆ ಇಲ್ಲಿಗೆ ಕಳಿಸು, ನನಗೆ ಬರುವುದರಲ್ಲಿ ಸಾಕಾಗುತ್ತದೆ. ಅದು ಬೇರೆ ಮಾತು. ನಿನ್ನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ಬೆಳಿಗ್ಗೆ ಎದ್ದಾಗಲೂ ಇರುತ್ತದೆ, ಕೈ ತೊಳೆಯುವಾಗಲೂ ಇರುತ್ತದೆ. ಅದರಲ್ಲಿ ಅರ್ಧ ನನ್ನ ಮೇಲಿನದು. ಕ್ಷಮಿಸಿದೆ ಅಂತ ಬರೆದರೆ ನಾನೂ ನಿನ್ನ ಹಾಗೆ ಆಗದ್ದನ್ನು ಆಯಿತು ಅಂದಂತಾಗುತ್ತದೆ.

ಈಗ ನಿನಗೆ ಪುರಸೊತ್ತು ಇರಬೇಕು, ಬಾ. ಅರಕಲಗೂಡಿನವರೆಗೆ ಬಸ್ಸಿನಲ್ಲಿ ಬಾ, ಅಲ್ಲಿ ಇಳಿದುಬಿಡು. ಕೆಂಪಣ್ಣನಿಗೆ ಹೇಳಿದ್ದೇನೆ, ಅದೇ ಗಾಡಿ, ಅದೇ ಎತ್ತು ತೆಗೆದುಕೊಂಡು ಬಂದಿರುತ್ತಾನೆ. ಹತ್ತಿ ಕೂತುಕೋ. ಅವನು ಮಾತಾಡಿಸದಿದ್ದರೆ ನೀನೂ ಮಾತಾಡಿಸಬೇಡ. ಗಡಿಯಾರ ಕಟ್ಟಿಕೊಂಡು ಬಾ, ಇಲ್ಲಿಗೆ ಎಷ್ಟು ಹೊತ್ತಿಗೆ ತಲುಪಿದೆ ಅಂತ ನೋಡಿಕೋ.

ಮೂರು ಗಂಟೆ ಸಾಕು ಅಣ್ಣಯ್ಯ. ಪುಟ್ಟತಾಯಮ್ಮನನ್ನು ಕರೆದುಕೊಂಡು ಹೋದಾಗ ನೋಡಿದೆ. ಎಂಟಕ್ಕೆ ಹೊರಟರೆ ಹನ್ನೊಂದಕ್ಕೆಲ್ಲ ಡಾಕ್ಟರಮ್ಮನ ಬಾಗಿಲಲ್ಲಿ ಇರಬಹುದಿತ್ತು.

ವಸಂತ